ಬಿಳಿ ಮರಳಿನ ಮೇಲೆ ಕರಿ ಗೆರೆ

ಪುಣೆ

ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಹವಾಲ್ದಾರ ನನ್ನ ವಯಸ್ಸು ಓದಿ ಕನ್ನಡಕದ ಮೇಲಿನಿಂದ ನೋಡಿದ. ಅರವತ್ತೆಂಟು. "ಆಜೋಬಾ, ಪರದೇಶಕ್ಕೆ ಯಾಕೆ ಹೊರಟಿರಿ?" ಎಂದು ಮರಾಠಿಯಲ್ಲಿ ಕೇಳಿದ. ಫುಟ್‌ಬಾಲ್ ಸಲುವಾಗಿ ಎಂದೆ. ಅವನು ಪೆನ್ನು ಕೆಳಗಿಟ್ಟು, "ಗೋಲ್‌ಕೀಪರ್ ಏನು?" ಎಂದ. ಚಹಾ ಹಿಡಿದು ನಿಂತಿದ್ದ ನನ್ನ ಹೆಂಡತಿ ಶಾಂತವ್ವ ನಕ್ಕುಬಿಟ್ಟಳು. ನಾನೂ ನಕ್ಕೆ. ಹೋಗುವ ನಿಜವಾದ ಕಾರಣವನ್ನು ಹವಾಲ್ದಾರನಿಗೆ ಹೇಳಲಿಲ್ಲ. ಶಾಂತವ್ವನಿಗೂ ಹನ್ನೊಂದು ವರ್ಷದಿಂದ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ವಿಜಾಪುರ ಕಡೆಯವನು. ಮ್ಯಾಟ್ರಿಕ್ ಪಾಸಾಗಿ ಪುಣೆಗೆ ಬಂದವನಿಗೆ ಒಂದು ಕಾರ್ಖಾನೆಯ ಆಟದ ಮೈದಾನ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಿವೃತ್ತನಾಗುವ ತನಕ ಅದನ್ನೇ ಮಾಡಿದೆ. ಹುಲ್ಲು ಕತ್ತರಿಸುವುದು, ರೋಲರ್ ಎಳೆಸುವುದು, ನಾಯಿ ಓಡಿಸುವುದು, ಪಂದ್ಯದ ದಿನ ಮುಂಜಾನೆ ಸುಣ್ಣದಲ್ಲಿ ಗೆರೆ ಹಾಕುವುದು. ಗೆರೆಗೆ ನನ್ನದೇ ಒಂದು ನೂಲಿನ ಹಗ್ಗವಿತ್ತು. ಬೇಕಾದ ಅಳತೆಗಳಿಗೆಲ್ಲ ಅದರಲ್ಲಿ ಗಂಟು ಹಾಕಿದ್ದೆ. ಗೋಲಿನಿಂದ ಪೆನಾಲ್ಟಿ ಪೆಟ್ಟಿಗೆಯ ಗೆರೆಗೆ ಹದಿನೆಂಟು ಗಜ. ಅದರ ಗಂಟಿಗೆ ಕೆಂಪು ದಾರ ಸುತ್ತಿದ್ದೆ. ಟೇಪು ಹಿಡಿದು ಅಳೆಯುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ಭೀಮಶಿ ನಮ್ಮ ತಂಡಕ್ಕೆ ಬಂದಾಗ ಅವನಿಗೆ ಹತ್ತೊಂಬತ್ತು. ಯಾದಗಿರಿ ಕಡೆಯಿಂದ ಕಾತ್ರಜದ ಕಟ್ಟಡಗಳ ಕೆಲಸಕ್ಕೆ ಬಂದ ಕುಟುಂಬದವನು. ಅವನು ಡಿಫೆಂಡರ್, ಹಿಂದೆ ನಿಂತು ತಡೆಯುವ ಆಟಗಾರ. ಗೋಲು ಹೊಡೆದವನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ತಡೆದವನ ಹೆಸರು ಮೈದಾನ ನೋಡಿಕೊಳ್ಳುವವನಿಗೆ ಗೊತ್ತಿರುತ್ತದೆ. ಪ್ರತಿ ಶನಿವಾರ ಅವನು ತಾನಾಗಿಯೇ ಬಂದು ನನ್ನ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದ. ಬರಿಗಾಲಲ್ಲಿ ನಡೆದು ನಡೆದು ಆ ಹದಿನೆಂಟು ಗಜ ಅವನ ಕಾಲಿಗೆ ಪಾಠವಾಗಿಬಿಟ್ಟಿತು. ಕಣ್ಣು ಮುಚ್ಚಿ ಗೋಲಿನಿಂದ ನಡೆದು ಬಂದರೆ ಗೆರೆಯ ಮೇಲೇ ನಿಲ್ಲುತ್ತಿದ್ದ. "ಗೆರಿ ಯಾಕ ನೋಡ್ಬೇಕು ಕಾಕಾ? ಕಾಲಿಗೆ ಗೊತ್ತದ" ಎನ್ನುತ್ತಿದ್ದ. ಅವನ ಆಟದ ಗುಟ್ಟೇ ಅದು. ಎದುರಾಳಿಯನ್ನು ಗೆರೆಯ ಹೊರಗೆ ಕೆಡವಿದರೆ ಬರೀ ಫ್ರೀ ಕಿಕ್. ಒಳಗೆ ಕೆಡವಿದರೆ ಪೆನಾಲ್ಟಿ, ಅಂದರೆ ಮುಕ್ಕಾಲು ಗೋಲು. ಭೀಮಶಿ ತಲೆ ತಗ್ಗಿಸದೆ, ಎದುರಾಳಿಯ ಮೇಲಿನ ಕಣ್ಣು ತೆಗೆಯದೆ, ಗೆರೆಗೆ ಒಂದು ಗೇಣು ಹೊರಗೇ ಕೆಲಸ ಮುಗಿಸುತ್ತಿದ್ದ.

ಮುಂಬಯಿಯ ಒಂದು ಕ್ಲಬ್ ಅವನನ್ನು ಕರೆದುಕೊಂಡಿತು. ಕೆಲಸದ ಜೊತೆಗಿನ ಆಟ ಹೋಗಿ, ಆಟವೇ ಕೆಲಸವಾಯಿತು. ದೇಶದ ತಂಡದ ಶಿಬಿರಕ್ಕೂ ಕರೆ ಬರುತ್ತದೆ ಎಂಬ ಮಾತಿತ್ತು. ತೊಂಬತ್ತರ ದಶಕದ ನಡುವೆ ಆ ಕ್ಲಬ್ಬಿನ ಒಂದು ದೊಡ್ಡ ಪಂದ್ಯ ನಮ್ಮ ಮೈದಾನದಲ್ಲೇ ಗೊತ್ತಾಯಿತು.

ಅದಕ್ಕೆ ಮುಂಚೆ ಕಾರ್ಖಾನೆಯ ವಾರ್ಷಿಕೋತ್ಸವ ನಡೆದಿತ್ತು. ಪೆಂಡಾಲ್ ಕಟ್ಟುವವರು ನನ್ನ ಹಗ್ಗವನ್ನು ಒಯ್ದು ನಾಲ್ಕು ದಿನ ಕಂಬಕ್ಕೆ ಬಿಗಿದಿದ್ದರು. ಹಗ್ಗ ಎಳೆದುಕೊಂಡು ಉದ್ದವಾಗಿತ್ತು. ನಾನು ಬೈದು ಬಿಡಿಸಿ ತಂದು, ಅಳೆದು ನೋಡದೆ ಅದರಲ್ಲೇ ಗೆರೆ ಹಾಕಿದೆ. ನಮ್ಮ ಮೈದಾನದಲ್ಲಿ ನೀರಿನ ನಲ್ಲಿಯೊಂದರ ಕಬ್ಬಿಣದ ಮುಚ್ಚಳವಿದೆ. ಪ್ರತಿ ವರ್ಷ ಅದು ಪೆಟ್ಟಿಗೆಯ ಗೆರೆಗೆ ಹೊರಗೆ ಬೀಳುತ್ತಿತ್ತು. ಆ ಮುಂಜಾನೆ ಒಳಗೆ ಬಿತ್ತು. ನಾನು ಕಂಡೆ. ಕಂಡು, ಹಗ್ಗ ನನ್ನದು, ತಪ್ಪುವುದಿಲ್ಲ ಅಂದುಕೊಂಡೆ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಭೀಮಶಿ ಒಬ್ಬನನ್ನು ಕೆಡವಿದ. ರೆಫರಿ ಪೆನಾಲ್ಟಿ ಕೊಟ್ಟ. "ಗೆರಿ ತಪ್ಪದ, ನಾ ಹೊರಗಿದ್ದೆ" ಎಂದು ಭೀಮಶಿ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ರೆಫರಿ ಬೇಸತ್ತು ನನ್ನನ್ನು ಕರೆಸಿ ಎಲ್ಲರೆದುರು ಕೇಳಿದ, "ಗೆರೆ ಸರಿ ಇದೆಯೇನು?" ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ ಮುಚ್ಚಳ ಗೆರೆಯ ಒಳಗೆ ಕೂತಿತ್ತು.

"ಬರಾಬರ್ ಅದ ಸಾಹೇಬ್ರ" ಎಂದೆ.

ಅವರು ಸೋತರು. ಸಂಜೆ ಎಲ್ಲರೂ ಹೋದ ಮೇಲೆ ಸ್ಟೋರಿನಿಂದ ಟೇಪು ತಂದು ಅಳೆದೆ. ಎರಡೂವರೆ ಅಡಿ ಹೆಚ್ಚು. ನೀರು ಹಾಕಿ ಗೆರೆ ತೊಳೆದುಬಿಟ್ಟೆ.

ಮುಂದಿನ ವರ್ಷ ಭೀಮಶಿ ಆ ಕ್ಲಬ್ಬಿನಲ್ಲಿ ಇರಲಿಲ್ಲ. ಪುಣೆಯ ಆಟಗಾರರು ಅವನಿಗೆ 'ಗೆರಿ ಭೀಮ್ಯಾ' ಎಂದು ಹೆಸರಿಟ್ಟರು. ಸಣ್ಣಪುಟ್ಟ ತಂಡಗಳಲ್ಲಿ ಆಡಿ, ಬಿಟ್ಟು, ತರಬೇತಿ ಪರೀಕ್ಷೆ ಪಾಸಾಗಿ ಮಾಲ್ದೀವಿನ ಒಂದು ದ್ವೀಪದ ತಂಡಕ್ಕೆ ಕೋಚ್ ಆದ ಎಂದು ಕೇಳಿದೆ. ಕ್ಲಬ್ ಅವನನ್ನು ಹೊರಹಾಕಿತು ಎಂದೇ ತಿಳಿದಿದ್ದೆ. ಆಮೇಲೆ ಒಂದು ದಿನ ಅವನ ಫೋನು ಬಂತು. "ಸುನಾಮಿ ನೀರು ಬಂದು ನಮ್ಮ ಹಳೇ ಮೈದಾನ ಹಾಳಾತು ಕಾಕಾ. ಹೊಸಾದು ತಯಾರಾಗೇದ. ಮೊದಲನೇ ಗೆರಿ ನಿಮ್ಮ ಕೈಲೇ ಬೀಳಬೇಕು. ಟಿಕೀಟು ಕಳಸ್ತೀನಿ, ಇಲ್ಲ ಅನಬ್ಯಾಡ್ರಿ."

ಹೋಗಿ ಎಲ್ಲ ಹೇಳಿಬಿಡುವುದು ಎಂದು ನಿಶ್ಚಯಿಸಿದೆ. ಪ್ರಯಾಣದ ಪೆಟ್ಟಿಗೆಗೆ ಮೊದಲು ಹಾಕಿದ್ದು ಉಕ್ಕಿನ ಟೇಪು. ಅದರ ಮೇಲೆ ಶಾಂತವ್ವ ಶೇಂಗಾ ಚಟ್ನಿ, ಕಟಕ್ ರೊಟ್ಟಿ, ಮನೆದೇವರ ಪಟ ಇಟ್ಟಳು.

ತಿರುವನಂತಪುರ, ಮಾಲೆ

ಪುಣೆಯಿಂದ ತಿರುವನಂತಪುರದ ತನಕ ರೈಲು, ಅಲ್ಲಿಂದ ವಿಮಾನ. ಮೊದಲ ಸಲ ವಿಮಾನ ಹತ್ತಿದವನು ನಾನು. ಅದು ಇಳಿಯುವಾಗ ಕಿಟಕಿಯಲ್ಲಿ ಬರೀ ನೀರು. ನೀರಿನಲ್ಲೇ ಇಳಿಸುತ್ತಿದ್ದಾರೆ ಎಂದು ಪಕ್ಕದವನ ಕೈ ಹಿಡಿದೆ. ಅವನು ಮಲಯಾಳಿ ಮಾಸ್ತರ, ಅಲ್ಲಿನ ಶಾಲೆಯಲ್ಲಿ ಕಲಿಸುವವನು. "ಹೆದರಬೇಡಿ, ಇಲ್ಲಿ ವಿಮಾನ ನಿಲ್ಲಲು ಒಂದು ದ್ವೀಪ, ಊರಿಗೆ ಇನ್ನೊಂದು ದ್ವೀಪ" ಎಂದು ಹಿಂದಿಯಲ್ಲಿ ಹೇಳಿದ.

ತಪಾಸಣೆಯಲ್ಲಿ ಪೆಟ್ಟಿಗೆ ಬಿಚ್ಚಿಸಿದರು. ರೊಟ್ಟಿಯನ್ನು ಮೂಸಿ ಬಿಟ್ಟರು. ಟೇಪು ನೋಡಿ ನಕ್ಕರು. ದೇವರ ಪಟ ಕಂಡಾಗ ಆ ಹುಡುಗಿ ಬಹಳ ಮರ್ಯಾದೆಯಿಂದ, ಇದನ್ನು ಒಳಗೆ ಒಯ್ಯುವಂತಿಲ್ಲ, ನಮ್ಮಲ್ಲಿ ಕಾಯಿದೆ ಹಾಗೆ, ಹೋಗುವಾಗ ತೆಗೆದುಕೊಳ್ಳಿ ಎಂದಳು. ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ನನಗೊಂದು ಚೀಟಿ ಕೊಟ್ಟಳು. ನಮ್ಮ ಪುಣೆಯಲ್ಲಿ ಓಣಿಗೊಂದು ಮಾರುತಿ, ಮೂಲೆಗೊಂದು ಗಣಪತಿ. ದೇವರಿಲ್ಲದ ಹತ್ತು ಹೆಜ್ಜೆ ನಡೆದವನಲ್ಲ ನಾನು. ತಪ್ಪು ಒಪ್ಪಿಕೊಳ್ಳಲು ಬಂದಿದ್ದೆ. ಬೆನ್ನಿಗಿರಲಿ ಎಂದು ತಂದ ದೇವರನ್ನು ಬಾಗಿಲಲ್ಲೇ ಬಿಟ್ಟು ಒಬ್ಬನೇ ಒಳಗೆ ಹೋಗಬೇಕಾಯಿತು.

ಬಾಗಿಲ ಹೊರಗೆ ಭೀಮಶಿ ನಿಂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ನಲವತ್ತರ ಹತ್ತಿರದ ಮನುಷ್ಯ, ನೆಟ್ಟಗೆ ನಿಲ್ಲುವ ಅದೇ ರೀತಿ. ಎಲ್ಲರ ಮುಂದೆ ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ಯಾಕ ಕಾಕಾ, ವಿಮಾನದಾಗ ಕಾಲು ಜೋಮು ಹಿಡಿತೇನು?"

ಹೌದೆಂದೆ. ಪರದೇಶದ ನೆಲದಲ್ಲಿ ನಾನಾಡಿದ ಮೊದಲ ಮಾತೂ ಸುಳ್ಳೇ.

ದ್ವೀಪ, ಮೊದಲ ದಿನ

ದೋಣಿಯಲ್ಲಿ ಆರು ತಾಸು. ನಾನು ಎರಡು ಸಲ ವಾಂತಿ ಮಾಡಿದೆ. ಮೂರನೇ ಸಲ ಬರಿ ಸದ್ದು ಬಂತು; ದೋಣಿಯವರು ಚಪ್ಪಾಳೆ ತಟ್ಟಿದರು.

ಈ ಕಡೆಯ ಸಮುದ್ರದಿಂದ ಆ ಕಡೆಯ ಸಮುದ್ರಕ್ಕೆ ಹದಿನೈದು ನಿಮಿಷದ ನಡಿಗೆ, ಇಷ್ಟೇ ಊರು. ಮುಂಜಾನೆ ಹೆಂಗಸರು ಓಣಿಯ ಮರಳನ್ನೆಲ್ಲ ಗುಡಿಸುತ್ತಾರೆ. ಅಂಗಳವಲ್ಲ, ಊರನ್ನೇ. ಮನೆಯೆದುರು ಕಬ್ಬಿಣದ ಚೌಕಟ್ಟಿಗೆ ಬಲೆ ನೇಯ್ದ ಕುರ್ಚಿಗಳು. ಕೂತರೆ ಮೀನಿನಂತೆ ಸಿಕ್ಕಿಕೊಳ್ಳುತ್ತೀರಿ, ಏಳಲು ಇನ್ನೊಬ್ಬರು ಬೇಕು. ಸಂಜೆ ಹೆಂಗಸರು ಒಂದು ಆಟವಾಡುತ್ತಾರೆ. ಎದುರಾಳಿಗಳಿಗೆ ಬೆನ್ನು ಮಾಡಿ ನಿಂತು, ಟೆನಿಸ್ ಬ್ಯಾಟಿನಿಂದ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಬಾರಿಸುವುದು. ಹಿಂದಿರುವವರು ಹಿಡಿಯಬೇಕು. ನೋಡದೆ ಹೊಡೆಯುತ್ತಾರಲ್ಲ ಎಂದು ಬಾಯಿ ಬಿಟ್ಟುಕೊಂಡು ನಿಂತೆ.

ಎಲ್ಲಕ್ಕಿಂತ ದಂಗಾದದ್ದು ಬೇರೆ ವಿಷಯಕ್ಕೆ. ಊರಲ್ಲಿ ಒಂದೂ ನಾಯಿ ಇಲ್ಲ. ದೇಶದಲ್ಲೇ ಇಲ್ಲವಂತೆ. ನನ್ನ ಅರ್ಧ ಆಯುಷ್ಯ ಮೈದಾನದಿಂದ ನಾಯಿ ಓಡಿಸುವುದರಲ್ಲಿ ಕಳೆದಿದೆ. ಇಲ್ಲಿ ಹುಟ್ಟಿದ್ದರೆ ಇನ್ನೊಂದು ವಿದ್ಯೆ ಕಲಿಯಬಹುದಿತ್ತು.

ತಂಡದ ನಾಯಕ ಇಬ್ರಾಹಿಂ ಮೀನುಗಾರ, ಮೂವತ್ತರ ಗಟ್ಟಿಗ. ಹಿಂದಿ ಸಿನಿಮಾ ನೋಡಿ ನನಗಿಂತ ಚಂದ ಹಿಂದಿ ಕಲಿತಿದ್ದ. ಅವನ ತಾಯಿ ಚಹಾದ ಜೊತೆ ದುಂಡನೆಯ ಕರಿದ ತಿಂಡಿ ತಂದಿಟ್ಟಳು. ಥೇಟು ನಮ್ಮ ಬಟಾಟೆ ವಡಾ. ಹಸಿದಿದ್ದೆ. ಒಂದನ್ನು ಇಡಿಯಾಗಿ ಬಾಯಿಗಿಟ್ಟು ಕಚ್ಚಿದೆ. ಒಳಗೆ ಮೀನು! ಹುಟ್ಟಿದಾಗಿನಿಂದ ಮಾಂಸ ಮುಟ್ಟದವನು. ನುಂಗಲಾರೆ, ಆ ಮುದುಕಿಯ ಎದುರು ಉಗುಳಲಾರೆ. ಕಣ್ಣಲ್ಲಿ ನೀರು ತುಂಬಿಕೊಂಡು ಕೂತೆ.

"ಅಮ್ಮನ ಕೈರುಚಿಗೆ ಅಳುತ್ತಿದ್ದಾರೆ" ಎಂದ ಇಬ್ರಾಹಿಂ.

ಭೀಮಶಿಗೆ ತಿಳಿಯಿತು. ನನ್ನ ಬಾಯಿಯ ಕೆಳಗೆ ತನ್ನ ಅಂಗೈ ಹಿಡಿದು, "ಉಗುಳ್ರಿ ಕಾಕಾ" ಎಂದ. ಉಗುಳಿದೆ. ಆ ಅಂಗೈಯನ್ನು ನಾನು ಇವತ್ತಿಗೂ ಮರೆತಿಲ್ಲ.

ಎರಡನೇ ದಿನ, ಮೈದಾನ

ಮೈದಾನ ನೋಡಿ ನನ್ನ ಬುದ್ಧಿಯೇ ನಿಂತುಹೋಯಿತು. ಹುಲ್ಲಿಲ್ಲ. ಬೆಳ್ಳಗೆ ಹಾಲು ಚೆಲ್ಲಿದಂತೆ ಮರಳು. ಇದರ ಮೇಲೆ ಸುಣ್ಣ ಹಾಕಿದರೆ ಯಾರಿಗೆ ಕಾಣಬೇಕು? ಭೀಮಶಿ ನಗುತ್ತ ಒಂದು ಚೀಲ ಬಿಚ್ಚಿದ. ಒಳಗೆ ತೆಂಗಿನ ಕರಟ ಸುಟ್ಟು ಪುಡಿ ಮಾಡಿದ ಮಸಿ.

"ಇಲ್ಲಿ ಗೆರಿ ಕರಿದು ಕಾಕಾ."

ನಲವತ್ತು ವರ್ಷ ಬಿಳಿ ಗೆರೆ ಹಾಕಿದ ಕೈ ಇದು. ಕರಿ ಗೆರೆ ಹಾಕುವಾಗ ಹಿಂದು ಮುಂದಾಗಿ ನಡೆಯುತ್ತಿದ್ದೇನೆ ಅನ್ನಿಸಿತು.

ಅಷ್ಟರಲ್ಲಿ ಇಬ್ರಾಹಿಂನ ತಾಯಿ ಮತ್ತು ನಾಲ್ಕು ಹೆಂಗಸರು ಸುತ್ತಿದ ಹಗ್ಗವೊಂದನ್ನು ಎರಡು ಕೈಯಲ್ಲಿ ತಂದು ನನ್ನ ಮುಂದೆ ಹಿಡಿದರು. ತೆಂಗಿನ ನಾರಿನ ಹಗ್ಗ, ತಾವೇ ಹೊಸೆದದ್ದು. ಅದರಲ್ಲಿ ಗಂಟುಗಳು. ಹದಿನೆಂಟು ಗಜದ ಗಂಟಿಗೆ ಕೆಂಪು ದಾರ.

"ನಿಮ್ಮ ಹಗ್ಗ ಹೆಂಗಿತ್ತೋ ಹಂಗ ಮಾಡಿಸೀನಿ" ಎಂದ ಭೀಮಶಿ. ಅವನ ಮುಖ ಹಬ್ಬದ ದಿನದಂತಿತ್ತು.

ನಾನು ಹಗ್ಗ ಮುಟ್ಟಲಿಲ್ಲ. ಚೀಲದಿಂದ ಉಕ್ಕಿನ ಟೇಪು ತೆಗೆದೆ.

"ಇದೇನ್ರಿ ಕಾಕಾ? ನೀವು ಮತ್ತ ಟೇಪು?"

"ಹಗ್ಗ ಬಿಟ್ಟು ಹನ್ನೊಂದು ವರ್ಷ ಆತು."

"ವಯಸ್ಸಾತು ಬಿಡ್ರಿ" ಎಂದು ನಕ್ಕ. ಹೆಂಗಸರ ಕೈಯಿಂದ ಹಗ್ಗ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಗೆರೆ ಮುಗಿಯುವ ತನಕ ಹೊತ್ತೇ ಇದ್ದ.

ಮಧ್ಯಾಹ್ನ ಮೂರಕ್ಕೆ ತಾಲೀಮು. ಕೋಚ್ ಭೀಮಶಿಯನ್ನು ನಾನು ಮೊದಲ ಸಲ ನೋಡಿದ್ದು ಆಗ. ಸಿಟ್ಟಿಲ್ಲ, ಬೈಗುಳವಿಲ್ಲ. ಪ್ರತಿಯೊಬ್ಬನ ಹೆಗಲ ಮೇಲೆ ಕೈಯಿಟ್ಟು ಹೇಳಿಕೊಡುವ ಗುಣ. ಆದರೆ ಡಿಫೆಂಡರುಗಳ ಕಡೆ ಒಂದೇ ಮಾತು ಕೂಗುತ್ತಿದ್ದ: "ತಿರಿಯಃ ಬಲಾ! ತಿರಿಯಃ ಬಲಾ!" ಕೆಳಗೆ ನೋಡು ಎಂದರ್ಥ ಎಂದ ಇಬ್ರಾಹಿಂ. ಎದುರಾಳಿ ಪೆಟ್ಟಿಗೆಯ ಹತ್ತಿರ ಬಂದ ಕೂಡಲೇ ಪ್ರತಿಯೊಬ್ಬ ಡಿಫೆಂಡರನೂ ತಲೆ ತಗ್ಗಿಸಿ ಗೆರೆ ನೋಡುತ್ತಿದ್ದ. ನೋಡಿ ತಲೆಯೆತ್ತುವಷ್ಟರಲ್ಲಿ ಎದುರಾಳಿ ಪಕ್ಕದಿಂದ ನುಸುಳಿ ಹೋಗಿರುತ್ತಿದ್ದ. ಒಂದಲ್ಲ, ಎರಡಲ್ಲ, ಆರು ಸಲ ಹಾಗಾಯಿತು. ನಾನು ಆಟ ಆಡಿದವನಲ್ಲ, ಆದರೆ ಬಹಳ ನೋಡಿದವನು. ಎಂದೂ ತಲೆ ತಗ್ಗಿಸದ ಭೀಮಶಿ ಇವರಿಗೆ ಇದನ್ನು ಯಾಕೆ ಕಲಿಸುತ್ತಿದ್ದಾನೆ?

ತಾಲೀಮು ಮುಗಿದ ಮೇಲೆ ಎಲ್ಲರನ್ನೂ ಹೊಸ ಗೆರೆಯ ಸುತ್ತ ಕೂರಿಸಿದ. ನನ್ನನ್ನು ನಡುವೆ ನಿಲ್ಲಿಸಿ, ಅವರ ಭಾಷೆಯಲ್ಲಿ ಒಂದು ಕಥೆ ಹೇಳತೊಡಗಿದ. ಆಟಗಾರರು ತಲೆಯಾಡಿಸುತ್ತಿದ್ದರು, ಅನೇಕ ಸಲ ಕೇಳಿದವರಂತೆ. ಪುಣೆ ಎಂಬ ಮಾತು ಬಂತು, ಕಾಕಾ ಎಂಬ ಮಾತು ಬಂತು. ಇಬ್ರಾಹಿಂ ನನ್ನ ಕಿವಿಯಲ್ಲಿ ಹಿಂದಿಯಲ್ಲಿ ಹೇಳುತ್ತ ಹೋದ.

"ಕೋಚ್ ಪ್ರತಿ ವರ್ಷ ಇದನ್ನು ಹೇಳುತ್ತಾರೆ. ಅವರ ಮಾತಲ್ಲೇ ಹೇಳುತ್ತೇನೆ. ದೊಡ್ಡ ಪಂದ್ಯ. ನನ್ನ ಕಾಲು ಹೊರಗಿದ್ದೀಯ ಎಂದಿತು, ಗೆರೆ ಒಳಗಿದ್ದೀಯ ಎಂದಿತು. ಆ ಗೆರೆ ಕಾಕಾ ಹಾಕಿದ್ದು. ಕಾಕಾನ ಮುಖ ನೋಡಿದೆ. ಬರಾಬರ್ ಎಂದರು. ಕಾಕಾ ಸುಳ್ಳು ಹೇಳುವವರಲ್ಲ. ಹಾಗಾದರೆ ಸುಳ್ಳು ಹೇಳಿದ್ದು ನನ್ನ ಕಾಲು. ಆ ದಿನವೇ ತಿಳಿಯಿತು, ನನ್ನ ಕಾಲು ಮುಗಿಯಿತು ಅಂತ."

"ಆಮೇಲೆ?" ಎಂದೆ.

"ಕ್ಲಬ್ ಇರು ಎಂದಿತಂತೆ. ದೇಶದ ಶಿಬಿರದಿಂದ ಕಾಗದವೂ ಬಂತಂತೆ. ಕೋಚ್ ಅವರೇ ಬೇಡ ಎಂದರು. ಕಾಲು ನಂಬದವನು ಡಿಫೆಂಡರ್ ಆಗಬಾರದು ಅಂತ. ಅದಕ್ಕೇ ನಮಗೆ ಕಲಿಸುತ್ತಾರೆ: ಕಾಲನ್ನು ನಂಬಬೇಡಿ, ಗೆರೆ ನೋಡಿ."

ನಾನು ಗೆರೆಯ ಮೇಲೇ ಕೂತುಬಿಟ್ಟೆ. ಬಿಸಿಲು ಹತ್ತಿತು ಎಂದು ಯಾರೋ ಎಳನೀರು ತಂದರು. ಹನ್ನೊಂದು ವರ್ಷ ನಾನು ಅಂದುಕೊಂಡಿದ್ದೇನು? ನನ್ನ ಸುಳ್ಳಿನಿಂದ ಒಂದು ಪಂದ್ಯ ಹೋಯಿತು, ಕ್ಲಬ್ಬಿನವರು ನಿರ್ದಯಿಗಳು, ಅವನನ್ನು ಕೈಬಿಟ್ಟರು. ಪಾಪದಲ್ಲಿ ಅವರಿಗೂ ಪಾಲು ಹಂಚಿ ನನ್ನದನ್ನು ಹಗುರ ಮಾಡಿಕೊಂಡಿದ್ದೆ. ಯಾರೂ ಕೈಬಿಟ್ಟಿರಲಿಲ್ಲ. ನನ್ನ ಮಾತು ನಂಬಿ ಅವನೇ ತನ್ನ ಕಾಲನ್ನು ಕೈಬಿಟ್ಟಿದ್ದ. ನನ್ನ ಆ ಒಂದು ಸುಳ್ಳು ಇಲ್ಲಿ, ನಡುನೀರಿನ ಮರಳ ಮೇಲೆ, ಪಾಠವಾಗಿ ಕೂತಿತ್ತು.

ಅದೇ ಸಂಜೆ, ದಂಡೆ

ಆಟಗಾರರು ನಮಾಜಿಗೆ ಹೋದರು. ನಾವಿಬ್ಬರೇ ದಂಡೆಯ ಬಲೆ ಕುರ್ಚಿಗಳಲ್ಲಿ ಕೂತಿದ್ದೆವು.

"ಭೀಮಶಿ, ಆ ದಿನ ಗೆರಿ ತಪ್ಪಿತ್ತು."

"ಯಾವ ದಿನ?"

"ಪುಣೆದಾಗ. ಪೆಂಡಾಲಿನವರು ಹಗ್ಗ ಜಗ್ಗಿದ್ದರು. ಎರಡೂವರಿ ಅಡಿ ಹೆಚ್ಚಿಗಿ ಬಿದ್ದಿತ್ತು. ನಿನ್ನ ಕಾಲು ಖರೇನ ಹೊರಗಿತ್ತು."

ಅವನು ನಕ್ಕ. "ನಿನ್ನೆ ದೋಣಿ ಹತ್ತಿದ್ದು ಇನ್ನೂ ಇಳಿದಿಲ್ಲ ನಿಮಗ."

"ನಲ್ಲಿ ಮುಚ್ಚಳ ನೆನಪದ ಏನು? ಕಬ್ಬಿಣದ್ದು?"

"ಗೆರಿ ಹೊರಗ ಇರೂದಲ್ಲಾ, ಅದು?"

"ಆ ದಿನ ಒಳಗಿತ್ತು."

ನಗು ಅವನ ಮುಖದಲ್ಲೇ ಒಣಗಿತು. ಆಮೇಲೆ ಮೆಲ್ಲಗೆ ಕೇಳಿದ, "ನಿಮಗ ಯಾವಾಗ ಗೊತ್ತಾತು?"

ಪಂದ್ಯ ಮುಗಿದ ಮೇಲೆ ಎಂದು ಹೇಳಬಹುದಿತ್ತು. ಅದು ಅರ್ಧ ನಿಜ. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಮುಂಜಾನೆನ ಕಂಡಿತ್ತು. ರೆಫರಿ ಕೇಳಿದಾಗನೂ ಕಾಣಸ್ತಿತ್ತು. ಎಲ್ಲಾರ ಮುಂದ ನನ್ನ ಹಗ್ಗ ತಪ್ಪು ಅಂತ ಹೇಳಲಿಕ್ಕೆ ಆಗಲಿಲ್ಲ."

ಅವನು ಎದ್ದ. ಬಲೆ ಕುರ್ಚಿಯಿಂದ ಅಷ್ಟು ಬೇಗ ಎದ್ದವರನ್ನು ನಾನು ಕಂಡಿಲ್ಲ.

"ನಾನೂ ಮುಚ್ಚಳಾ ನೋಡಬಹುದಿತ್ತು ಕಾಕಾ. ಹತ್ತು ಹೆಜ್ಜಿ ಮ್ಯಾಲ ಇತ್ತು. ನಾ ನೋಡಲಿಲ್ಲ. ನಿಮ್ಮ ಮಾರಿ ನೋಡಿದೆ."

ಅಷ್ಟು ಹೇಳಿ ಹೊರಟುಹೋದ. ನಾನು ಬಲೆಯಲ್ಲಿ ಸಿಕ್ಕಿಕೊಂಡು ಹಾಗೇ ಕೂತಿದ್ದೆ. ಎಬ್ಬಿಸಲು ಯಾರೂ ಬರಲಿಲ್ಲ.

ಮೂರನೇ ದಿನ

ಭೀಮಶಿ ಕಾಣಿಸಲಿಲ್ಲ. ಇಬ್ರಾಹಿಂ ಎರಡು ಹೊತ್ತು ಊಟ ತಂದ: ರೊಟ್ಟಿ, ಕಾಯಿತುರಿ, ಬಾಳೆಹಣ್ಣು. "ಇದರಲ್ಲಿ ಮೀನಿಲ್ಲ. ಕೋಚ್ ನಿಂತು ನೋಡಿ ಕಳಿಸಿದ್ದಾರೆ" ಎಂದ. ತಾಲೀಮು? ಇವತ್ತು ಇಲ್ಲ. ಭೀಮಶಿ ಇಲ್ಲಿ ಕೋಚ್ ಆದಂದಿನಿಂದ, ಸುನಾಮಿ ಬಂದ ವಾರ ಬಿಟ್ಟರೆ, ತಾಲೀಮು ನಿಂತದ್ದು ಇದೇ ಮೊದಲಂತೆ. ಏನು ಹೇಳಿದಿರಿ ಅವರಿಗೆ ಎಂದು ಅವನು ಕೇಳಲಿಲ್ಲ. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ರೀತಿಗೆ ನಾನು ತುತ್ತು ಕೆಳಗಿಟ್ಟೆ.

ದಿನವಿಡೀ ಕಿಟಕಿಯಿಂದ ಓಣಿ ನೋಡಿದೆ. ಅಷ್ಟು ಚಿಕ್ಕ ಊರಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಕಣ್ಣಿಗೆ ಬೀಳದೆ ಇಡೀ ದಿನ ಇರಬೇಕೆಂದರೆ ಎಷ್ಟು ಕಷ್ಟಪಡಬೇಕು!

ನಾಲ್ಕನೇ ದಿನ

ಮುಂಜಾನೆ ಇಬ್ರಾಹಿಂ ಬಂದು, "ಟೇಪು ತೆಗೆದುಕೊಂಡು ಬರಬೇಕಂತೆ" ಎಂದ.

ಮೈದಾನ ನೋಡಿ ಅಂಚಿನಲ್ಲೇ ನಿಂತೆ. ನಾನು ಹಾಕಿದ್ದ ಒಂದು ಗೆರೆಯೂ ಇರಲಿಲ್ಲ. ಗೋಲಿನ ಕಂಬಗಳ ನಡುವಿನ ಗೆರೆಯೊಂದು ಬಿಟ್ಟು ಉಳಿದದ್ದೆಲ್ಲ ಗುಡಿಸಿ ಬೆಳ್ಳಗಾಗಿತ್ತು. ಭೀಮಶಿ ಪೊರಕೆ ಹಿಡಿದು ನಿಂತಿದ್ದ, ಮೊಣಕೈ ತನಕ ಮಸಿ. ಆಟಗಾರರೆಲ್ಲ ಸಾಲಾಗಿ ಕೂತಿದ್ದರು. ಅವರ ಹಿಂದೆ ಹಗ್ಗ ಹೊಸೆದ ಹೆಂಗಸರೂ ಇದ್ದರು.

"ನಾ ಇವರಿಗೆ ಇಷ್ಟು ವರ್ಷ ತಪ್ಪು ಹೇಳೀನಿ" ಎಂದ, ನನ್ನ ಮುಖ ನೋಡದೆ. "ಖರೇದು ನೀವು ಹೇಳ್ರಿ."

ನಾನು ಹಿಂದಿಯಲ್ಲಿ ಹೇಳಿದೆ. ಇಬ್ರಾಹಿಂ ಅವರ ಭಾಷೆಗೆ ತಿರುಗಿಸಿದ. ಹಗ್ಗ, ಪೆಂಡಾಲ್, ಮುಚ್ಚಳ, ಬರಾಬರ್ ಎಂದದ್ದು, ನೀರು ಹಾಕಿ ತೊಳೆದದ್ದು. ನಡುವೆ ಒಂದು ಕಡೆ ಇಬ್ರಾಹಿಂ ತಿರುಗಿಸುವುದನ್ನು ನಿಲ್ಲಿಸಿ, "ಇದನ್ನೂ ಹೇಳಲೇ?" ಎಂದು ಭೀಮಶಿಯನ್ನು ಕೇಳಿದ. ಭೀಮಶಿ ತಲೆಯಾಡಿಸಿದ. ಮುಗಿದ ಮೇಲೆ ಇಬ್ರಾಹಿಂನ ತಾಯಿ ಎದ್ದು ಬಂದು ಭೀಮಶಿಯ ಹೆಗಲಿನ ಮಸಿ ಒರೆಸಿದಳು. ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಸರಿ.

ಭೀಮಶಿ ಚಪ್ಪಲಿ ಕಳಚಿದ. ಗೋಲಿನ ಗೆರೆಗೆ ಹಿಮ್ಮಡಿ ತಾಗಿಸಿ ನಿಂತು ಕಣ್ಣು ಮುಚ್ಚಿದ. ನಡೆಯತೊಡಗಿದ. ಮೊದಲ ನಾಲ್ಕು ಹೆಜ್ಜೆ ಅನುಮಾನಿಸಿ ಇಟ್ಟ, ಕತ್ತಲೆ ಮನೆಯಲ್ಲಿ ನಡೆದವನಂತೆ. ಆಮೇಲೆ ಕಾಲಿಗೆ ಏನೋ ನೆನಪಾಯಿತು. ಬೆನ್ನು ನೆಟ್ಟಗಾಯಿತು, ಶನಿವಾರಗಳಲ್ಲಿ ನನ್ನ ಹಗ್ಗ ಹಿಡಿದು ನಡೆಯುತ್ತಿದ್ದ ಅದೇ ಲಯ. ಮೈದಾನದಲ್ಲಿ ಸಮುದ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಕಡೆ ನಿಂತ. ಕಣ್ಣು ತೆರೆಯಲಿಲ್ಲ.

ಇಬ್ರಾಹಿಂ ಟೇಪಿನ ತುದಿಯನ್ನು ಗೋಲಿನ ಗೆರೆಗೆ ಒತ್ತಿ ಹಿಡಿದ. ನಾನು ಎಳೆದುಕೊಂಡು ಬಂದು ಭೀಮಶಿಯ ಕಾಲ ಬಳಿ ಮೊಣಕಾಲೂರಿದೆ.

"ಹೇಳ್ರಿ ಕಾಕಾ" ಎಂದ, ಕಣ್ಣು ಮುಚ್ಚಿಕೊಂಡೇ. "ಬರಾಬರ್ ಅದ ಏನು?"

ಎಲ್ಲರೂ ನೋಡುತ್ತಿದ್ದರು. ಹೌದು ಎಂದುಬಿಡಲೇ ಅನ್ನಿಸಿತು. ಹನ್ನೊಂದು ವರ್ಷ ಕಾಲನ್ನು ನಂಬದೆ ಬದುಕಿದವನಿಗೆ ಹೌದು ಎನ್ನುವುದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಮತ್ತೊಮ್ಮೆ ಟೇಪು ನೋಡಿದೆ.

"ಇಲ್ಲ" ಎಂದೆ. "ನಾಲ್ಕು ಬೆರಳು ಕಡಿಮಿ ಅದ."

ಇಬ್ರಾಹಿಂ ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು. ಭೀಮಶಿಯ ಹೆಬ್ಬೆರಳು ಮರಳನ್ನು ಒತ್ತಿತು. ನಾಲ್ಕು ಬೆರಳು ಮುಂದೆ ಸರಿದ.

"ಈಗ?"

"ಈಗ ಬರಾಬರ್ ಅದ."

ಅವನು ಕಣ್ಣು ತೆರೆದ. ಕೆಳಗೆ ನೋಡಲಿಲ್ಲ. ನೇರ ನನ್ನ ಮುಖ ನೋಡಿದ, ಆ ದಿನ ಪುಣೆಯಲ್ಲಿ ನೋಡಿದಂತೆ.

"ಹಾಕ್ರಿ ಗೆರಿ" ಎಂದ.

ನಾನು ಅವನ ಕಾಲ್ಬೆರಳ ತುದಿಗೆ ಮಸಿ ಸುರಿಯುತ್ತ ಗೆರೆ ಹಾಕಿದೆ. ಒಂದೆರಡು ಕಡೆ ಗೆರೆ ದಪ್ಪವಾಯಿತು. ಅಷ್ಟರಲ್ಲಿ ಆಟಗಾರರು ಚಪ್ಪಲಿ ಕಳಚಿ ಗೋಲಿನ ಬಳಿ ಸಾಲಾಗಿ ನಿಂತಿದ್ದರು. ಮೊದಲನೆಯವನು ಕಣ್ಣು ಮುಚ್ಚಿ ನಡೆದು ಬಂದು ಗೆರೆಗಿಂತ ಮೂರು ಹೆಜ್ಜೆ ಮೊದಲೇ ನಿಂತ. ಎಲ್ಲರೂ ಕೂಗಿ ಗೇಲಿ ಮಾಡಿದರು. ಇನ್ನೊಬ್ಬ ಗೆರೆ ದಾಟಿ ನಡೆದೇ ನಡೆದ. ಹೆಂಗಸರು ಅವನನ್ನು ಹಿಡಿದು ನಿಲ್ಲಿಸಬೇಕಾಯಿತು.

ದೋಣಿಗಟ್ಟೆ

ಬೀಳ್ಕೊಡಲು ಭೀಮಶಿ ಬಂದ. ಕಾಲು ಮುಟ್ಟಲಿಲ್ಲ. ನನಗೆ ಅದರಿಂದ ನೆಮ್ಮದಿಯಾಯಿತು.

"ಮಾಫಿ ಕೇಳಬ್ಯಾಡ್ರಿ" ಎಂದ. "ಕೊಡಲಿಕ್ಕೆ ನನ್ನ ಹತ್ರ ಇನ್ನೂ ಇಲ್ಲ. ಮುಂದ ಬಂದರ ತಿಳಸ್ತೀನಿ."

"ಆಗಲಿ."

"ಒಂದು ಕೆಲಸ ಮಾಡ್ರಿ. ಇಲ್ಲಿ ಹೇಳಿದ್ದು ಇಲ್ಲಿಯವರಿಗಾತು. ನನಗ ನಕ್ಕವರು ಇಲ್ಲಿಯವರಲ್ಲ. ಪುಣೆದಾಗನೂ ಹೇಳ್ರಿ."

ಹೋಗುವಾಗ ವಿಮಾನ ನಿಲ್ದಾಣದಲ್ಲಿ ಚೀಟಿ ಕೊಟ್ಟೆ. ದೇವರ ಪಟವನ್ನು ಅದೇ ಕಾಗದ, ಅದೇ ದಾರದಲ್ಲಿ ಹಿಂದಿರುಗಿಸಿದರು. ಬಿಚ್ಚಿ ನೋಡುವ ಧೈರ್ಯವಾಗದೆ ಹಾಗೇ ಪೆಟ್ಟಿಗೆಯಲ್ಲಿಟ್ಟೆ.

ಕಾತ್ರಜ

ಮನೆಯಲ್ಲಿ ಶಾಂತವ್ವನಿಗೆ ಎಲ್ಲ ಹೇಳಿದೆ. ಅವಳು ಕಾಗದ ಬಿಚ್ಚಿ ಪಟವನ್ನು ಜಗಲಿಯ ಮೇಲೆ ಮೊದಲಿನ ಜಾಗದಲ್ಲಿ ಇಡುತ್ತ ಕೇಳಿಸಿಕೊಂಡಳು.

"ಇದನ್ನ ಹೇಳಲಿಕ್ಕೆ ಸಮುದ್ರ ದಾಟಬೇಕಿತ್ತೇನ್ರಿ?" ಎಂದಳು. "ಭೀಮಶಿ ಅವ್ವ ಇಲ್ಲೇ ಎರಡು ಓಣಿ ಆಚೆ ಇದ್ದಳಲ್ಲ. ಸಂತಿಯೊಳಗ ನನ್ನ ಕೈ ಹಿಡಿದು, ನನ್ನ ಮಗನ ಕಾಲಿಗೆ ಏನಾತೋ ತಂಗಿ ಅಂತ ಅಳತಿದ್ದಳು. ಸತ್ತು ಮೂರು ವರ್ಷ ಆತು."

ಅವಳು ಹಾಗೆ ಅಳುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಅವನ ತಾಯಿಗೆ ಇನ್ನು ಹೇಳಲಾರೆ. ಉಳಿದವರಿಗೆ ಹೇಳುತ್ತೇನೆ. ಆ ಪಂದ್ಯ ನೋಡಿದವರು, ಆ ದಿನ ನಕ್ಕವರು, 'ಗೆರಿ ಭೀಮ್ಯಾ' ಎಂದು ಕರೆದವರು ಪುಣೆಯಲ್ಲಿ ಇನ್ನೂ ಬಹಳ ಜನ ಇದ್ದೀರಿ. ನಿಮ್ಮಲ್ಲಿ ಕೆಲವರು ಇದನ್ನು ಓದುತ್ತಿರಬಹುದು. ಕಾರ್ಖಾನೆಯ ಮೈದಾನದಲ್ಲಿ ಕಬ್ಬಿಣದ ಮುಚ್ಚಳ ಇನ್ನೂ ಇದೆ. ಹೋಗಿ ಗೋಲಿನಿಂದ ಅಳೆದು ನೋಡಿ, ಅದು ಹದಿನೆಂಟು ಗಜಕ್ಕೆ ಹೊರಗಿದೆ; ಆ ದಿನ ನನ್ನ ಗೆರೆಯ ಒಳಗಿತ್ತು. ಗೆರೆ ಹಾಕಿದವನು ನಾನು. ಗೆರೆ ಎರಡೂವರೆ ಅಡಿ ತಪ್ಪಿತ್ತು. ಭೀಮಶಿ ಹೊರಗಿದ್ದ.